ಎಲ್ಲಕ್ಕಿಂತ ಕೆಳಗಿನ ಹಲಗೆ

ಕೊಡೆ ಇತ್ತು ಎಂದೇ ಇಟ್ಟುಕೊಳ್ಳೋಣ. ಇಲ್ಲದಿದ್ದರೆ ಈ ಮನುಷ್ಯನ ಬಗ್ಗೆ ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಕತೆಯೇ ಬಿದ್ದುಹೋಗುತ್ತದೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಅಡ್ಡಮಳೆ ಹೊಡೆಯುತ್ತಿತ್ತು. ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಒಂದು ಉದ್ದನೆಯ ಮರದ ತೊಲೆ ಮಲಗಿತ್ತು. ಅವರು ತಾವು ತೊಯ್ಯುತ್ತ, ಕೊಡೆಯನ್ನು ತೊಲೆಯ ತುದಿಗೆ ಹಿಡಿದು ನಿಂತಿದ್ದರು. ನನ್ನ ಹೆಂಡತಿಯ ಪ್ರಕಾರ ಅದು ಕೊಡೆಯಲ್ಲ, ರಸಗೊಬ್ಬರದ ಖಾಲಿ ಚೀಲ. ಅವತ್ತು ಮಳೆ ಬಂದಿತ್ತೇ ಎಂಬುದರ ಬಗ್ಗೆಯೂ ಅವಳಿಗೆ ಅನುಮಾನ. ಈಚೆಗೆ ಅವರು ತೀರಿಕೊಂಡಾಗ ನಡೆದ ಸಂತಾಪ ಸಭೆಯಲ್ಲಿ ನಾನು ಕೊಡೆಯನ್ನೇ ಹೇಳಿದೆ. ಜನ ಕಣ್ಣೊರೆಸಿಕೊಂಡರು. ರಸಗೊಬ್ಬರದ ಚೀಲಕ್ಕೆ ಯಾರೂ ಅಳುವುದಿಲ್ಲ.

ಅವರದು ಮಗ್ಗದ ಬಿಡಿಭಾಗಗಳ ಅಂಗಡಿ. ಸುತ್ತಲೂ ಪಾವರ್‌ಲೂಮ್‌ಗಳ ಸದ್ದು. ಹುಟ್ಟಿದಾಗಿನಿಂದ ಅದರ ಮೇಲೆ ಕೂಗಿ ಕೂಗಿ, ಮೆಲ್ಲಗೆ ಮಾತಾಡಲು ಬರುತ್ತದೆಂಬುದೇ ಅವರಿಗೆ ಗೊತ್ತಿರಲಿಲ್ಲ. ಸತ್ತವರ ಮನೆಗೆ ಹೋದರೂ ಸಮಾಧಾನವನ್ನು ಕೂಗಿಯೇ ಹೇಳುತ್ತಿದ್ದರು. ಊರವರು ಅವರನ್ನು ಸಾವ್ಕಾರ್ರ ಎಂದು ಕರೆಯುತ್ತಿದ್ದರು. ಅವರ ಅಂಗಡಿಯಲ್ಲಿ ಬೇರಿಂಗು, ಬೆಲ್ಟು, ಲಾಳಿ, ಬೋಲ್ಟು ಎಲ್ಲ ಸಿಗುತ್ತಿತ್ತು. ವಿನಯ ಮಾತ್ರ ಸ್ಟಾಕಿನಲ್ಲಿ ಇರುತ್ತಿರಲಿಲ್ಲ.

ಕಟ್ಟಿಗೆ ಕಂಡರೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ ಕೇಳುವುದು ಅವರ ಚಟ. ಯಾರ ಮನೆಯ ಬಾಗಿಲಾದರೂ ಸರಿ. ನಾನು ಊಟ ಬಿಟ್ಟು ಎದ್ದು ಹೋಗಿ ಬಾಗಿಲು ತೆಗೆದರೆ, "ನಿಮ್ಮನ್ನ ಕರೀಲಿಲ್ರೀ ಮಾಸ್ತರ್ರ, ಬಾಗಲಾ ನೋಡಾಕತ್ತಿದ್ದೆ. ನೀವು ಉಣ್ಣ ಹೋಗ್ರಿ," ಎನ್ನುತ್ತಿದ್ದರು. ಜಮಖಂಡಿಯ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತಾಗ ಕಟಕಟೆಯನ್ನು ತಟ್ಟಿ ನೋಡಿ, "ಕಟಗಿ ಖರೆ ಐತ್ರಿ ಸಾಹೇಬ್ರ, ಇಲ್ಲಿ ನಿಂತು ಹೇಳೂದರದ್ದು ನಾ ಹೇಳಾಂಗಿಲ್ಲ," ಎಂದರಂತೆ. ಇದನ್ನು ನನಗೆ ಹೇಳಿದವರು ಅವರೇ. ಆದ್ದರಿಂದ ನಡೆದಿರಲಿಕ್ಕಿಲ್ಲ.

ಅವರ ತಲೆಗೆ ಹುಳ ಹೊಕ್ಕಿದ್ದು ಒಂದು ಕೋಲಿನಿಂದ. ಪಾವರ್‌ಲೂಮ್‌ನಲ್ಲಿ ಲಾಳಿಯನ್ನು ಹೊಡೆದು ಓಡಿಸುವ ಕೋಲೊಂದು ಇರುತ್ತದೆ. ಅದು ಇಡೀ ಕಟ್ಟಿಗೆಯದಲ್ಲ. ತೆಳು ಪದರುಗಳನ್ನು ಅಂಟಿಸಿ ಒತ್ತಿ ಮಾಡಿದ್ದು. ದಿನವಿಡೀ ಏಟು ಕೊಟ್ಟರೂ, ಏಟು ತಿಂದರೂ ಮುರಿಯುವುದಿಲ್ಲ. "ಇಷ್ಟು ಸಣ್ಣ ಕೋಲು ಇಷ್ಟು ಹೊಡತಾ ತಡೀತಂದ್ರ, ಇದರ ಅಪ್ಪನ್ನ ಮಾಡಿ ಮಾಳಿಗಿ ಹೊರಿಸಾಕ ಬರಾಂಗಿಲ್ಲೇನು?" ಎಂದು ಅವರು ಕೇಳಲು ಶುರುಮಾಡಿದರು. ಯಾವುದೋ ಪ್ರದರ್ಶನದಿಂದ ಒಂದು ಬಣ್ಣದ ಪುಸ್ತಿಕೆಯನ್ನೂ ತಂದಿದ್ದರು. ಅದರಲ್ಲಿ ಹೊರದೇಶದ ದೊಡ್ಡ ದೊಡ್ಡ ಸಭಾಂಗಣಗಳು, ಅವುಗಳನ್ನು ಹೊತ್ತ ಪದರುಪದರಿನ ಅಂಟು ತೊಲೆಗಳು. ಪುಸ್ತಿಕೆಯ ಭಾಷೆ ಅವರಿಗೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಚಿತ್ರಗಳನ್ನು ನೋಡಿಯೇ ಅವರು ಪಂಡಿತರಾದರು. ನಮ್ಮಲ್ಲಿ ಇದಕ್ಕಿಂತ ಕಡಿಮೆ ನೋಡಿ ಪಂಡಿತರಾದವರೂ ಇದ್ದಾರೆ ಎಂದು ಸುಮ್ಮನಾದೆ.

ಅದು ಕೃಷ್ಣೆಯ ಹಿನ್ನೀರು ಏರುತ್ತಿದ್ದ ಕಾಲ. ಗಲಗಲಿಯ ಆಚೆ, ಹೊಳೆ ದಂಡೆಯ ಒಂದು ಹಳ್ಳಿಯವರು ತಮ್ಮ ಮನೆಗಳನ್ನು ತಾವೇ ಬಿಚ್ಚಿ, ತೊಲೆ ಜಂತಿ ಬಾಗಿಲುಗಳನ್ನು ಗಾಡಿಗೆ ಹೇರಿ ಬೀಳಗಿ ಕಡೆಯ ಪುನರ್ವಸತಿ ಕೇಂದ್ರಕ್ಕೆ ಸಾಗಿಸುತ್ತಿದ್ದರು. ಅಲ್ಲಿ ಎಲ್ಲ ಸಾಲುಸಾಲಾಗಿತ್ತು, ಸರಕಾರ ಗೆರೆ ಎಳೆದ ಹಾಗೆ. ಎಲ್ಲರೂ ಒಟ್ಟಿಗೆ ಕೂಡುವ ಜಾಗ ಮಾತ್ರ ಇರಲಿಲ್ಲ. ಒಂದು ಸಮುದಾಯ ಭವನ ಬೇಕು ಎಂದು ಅವರು ಮಾತಾಡಿಕೊಳ್ಳುತ್ತಿದ್ದಾಗ ಕರೆಯದೇ ಹೋಗಿ ನಡುವೆ ಕೂತವರು ನಮ್ಮ ಸಾವ್ಕಾರರು. "ಮನಿಗೊಂದು ಹಲಗಿ ಕೊಡ್ರಿ, ಎಲ್ಲಾ ಕೂಡಿಸಿ ತೊಲಿ ಮಾಡಿಕೊಡತೇನಿ. ಊರು ಮುಳಗಿದ್ರೂ ಊರಿನ ಮನಿಗೋಳು ನಿಮ್ಮ ತಲಿಮ್ಯಾಲೆ ಇರತಾವು," ಎಂದು ಕೂಗಿದರು. ಈ ಮಾತು ಚೆನ್ನಾಗಿದೆ ಎಂದು ಅವರಿಗೇ ಅನ್ನಿಸಿ ಅಲ್ಲೇ ಇನ್ನೊಮ್ಮೆ ಕೂಗಿದರಂತೆ. ಜನ ಒಪ್ಪಿದರು, ಒಪ್ಪದಿದ್ದರೆ ಮೂರನೆಯ ಸಲ ಕೇಳಬೇಕಾಗುತ್ತಿತ್ತು.

ಮೊದಲು ಬಡಗಿಗಳು ಬಳಸುವ ಬಿಳಿ ಅಂಟು ತಂದರು. ಎರಡು ತುಂಡು ಅಂಟಿಸಿ, ಪರೀಕ್ಷೆಗೆಂದು ಸ್ನಾನದ ಹಂಡೆಯಲ್ಲಿ ಹಾಕಿ ಕುದಿಸಿದರು. ತುಂಡುಗಳು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಬೇರೆಯಾಗಿ ತೇಲಿದವು. ಆಮೇಲೆ ಎಲ್ಲಿಂದಲೋ ಕಂದು ಬಣ್ಣದ, ಮೂಗು ಸುಡುವ ವಾಸನೆಯ, ದೋಣಿ ಕಟ್ಟುವವರು ಬಳಸುವ ಅಂಟನ್ನು ತರಿಸಿದರು. ಅದು ಕುದಿದರೂ ಬಿಡಲಿಲ್ಲ. ಹಂಡೆಗೆ ಹತ್ತಿದ ಬಣ್ಣವೂ ಬಿಡಲಿಲ್ಲ. ಅವರ ಮನೆಯಾಕೆ ನೀರಿಗೆ ಬಂದ ಓಣಿಯ ಹೆಂಗಸರ ಮುಂದೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಎಲ್ಲಾರ ಮನ್ಯಾಗ ಹಂಡ್ಯಾದ ಕೆಳಗ ಕಟಗಿ ಇರತಾವು. ನಮ್ಮ ಮನ್ಯಾಗ ಹಂಡ್ಯಾಗ ಇರತಾವು."

ಬಂದ ಹಲಗೆಗಳನ್ನು ಒಂದು ಮುಚ್ಚಿದ ಮಗ್ಗದ ಶೆಡ್ಡಿನಲ್ಲಿ, ನಡುನಡುವೆ ಕಡ್ಡಿ ಇಟ್ಟು ಗಾಳಿಯಾಡುವಂತೆ ಒಟ್ಟಿದರು. ಕೆಲವರು ನೀರು ಹೊಸ್ತಿಲಿಗೆ ಬರುವ ತನಕ ಮನೆ ಬಿಚ್ಚಿರಲಿಲ್ಲ. ಅವರ ಕಟ್ಟಿಗೆ ಇನ್ನೂ ಹಸಿಯಾಗಿತ್ತು. ಹಸಿ ಹಲಗೆಗೆ ಅಂಟು ಹಚ್ಚಿದರೆ, ಅದು ಒಣಗುತ್ತ ಕುಗ್ಗುತ್ತದೆ, ಅಂಟಿನ ಗೆರೆಯಲ್ಲಿ ಬಾಯಿ ಬಿಡುತ್ತದೆ. ಹೀಗಾಗಿ ತಿಂಗಳುಗಟ್ಟಲೆ ಕಾಯಿಸಿದರು. ಹಳ್ಳಿಯವರು ಬಂದು, "ಏನ್ರೀ ಸಾವ್ಕಾರ್ರ, ನಿಮ್ಮ ಚಪಾತಿ ತೊಲಿ ಬೆಂದ್ವೇನು?" ಎಂದು ಕೇಳಿ ನಗುತ್ತಿದ್ದರು. ಪದರು ಇರುವುದೆಲ್ಲ ನಮ್ಮ ಕಡೆ ಚಪಾತಿಯೇ.

ಅಂಟಿಸುವ ಕೆಲಸಕ್ಕೆ ಬಹಳ ಕೈ ಬೇಕು. ಅಂಟು ಬಿಗಿಯುವ ಮುಂಚೆ, ಹಲಗೆಗಳನ್ನು ಒತ್ತಿ ಹಿಡಿಯುವ ಎಲ್ಲ ಬೋಲ್ಟುಗಳನ್ನು ಒಟ್ಟಿಗೆ ತಿರುಗಿಸಬೇಕು. ಆ ಕೈಗಳನ್ನು ಒದಗಿಸಿದ್ದು ನಮ್ಮೂರಿನ ಲೋಡ್ ಶೆಡ್ಡಿಂಗ್. ಬೆಳಿಗ್ಗೆ ಕರೆಂಟು ಇರುವಾಗ ಹಲಗೆಗೆ ರಂದಾ ಹೊಡೆಸಿ ನುಣುಪು ಮಾಡಿಸುವುದು, ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಾಗ ನೇಕಾರರನ್ನೆಲ್ಲ ಶೆಡ್ಡಿಗೆ ಕೂಗುವುದು. ಇಡೀ ಜಿಲ್ಲೆ ಕರೆಂಟಿಗಾಗಿ ಬಯ್ಯುತ್ತಿದ್ದಾಗ, ಕರೆಂಟು ಬೇಗ ಬಂದುಬಿಟ್ಟೀತೆಂದು ಹೆದರುತ್ತಿದ್ದ ಮನುಷ್ಯ ಅವರೊಬ್ಬರೇ. ಅಭಿವೃದ್ಧಿ ಎಂದರೆ ಏನೆಂದು ನನ್ನನ್ನು ಯಾರಾದರೂ ಕೇಳಿದರೆ ಆ ಶೆಡ್ಡನ್ನು ತೋರಿಸುತ್ತಿದ್ದೆ: ಡ್ಯಾಮಿನಿಂದ ಮುಳುಗಿದ ಊರಿನ ಕಟ್ಟಿಗೆಗೆ, ಕರೆಂಟಿಲ್ಲದ್ದರಿಂದ ಅಂಟು ಹಚ್ಚುವ ಜಾಗ.

ಇನ್ನು ಕತೆಯ ಗಂಟಿಗೆ ಬರುತ್ತೇನೆ. ಇಂಥ ತೊಲೆಯಲ್ಲಿ ಎಲ್ಲ ಪದರುಗಳೂ ಸಮಾನರಲ್ಲ. ಭಾರ ಬಿದ್ದು ತೊಲೆ ಬಾಗಿದಾಗ ಎಲ್ಲಕ್ಕಿಂತ ಮೇಲಿನದು ಒತ್ತಿಸಿಕೊಳ್ಳುತ್ತದೆ, ಎಲ್ಲಕ್ಕಿಂತ ಕೆಳಗಿನದು ಜಗ್ಗಿಸಿಕೊಳ್ಳುತ್ತದೆ, ನಡುವಿನವು ಹೆಚ್ಚು ಕಡಿಮೆ ಆರಾಮವಾಗಿರುತ್ತವೆ. ಆದ್ದರಿಂದ ಗಂಟಿಲ್ಲದ ಗಟ್ಟಿ ಹಲಗೆ ಮೇಲೆ ಮತ್ತು ಕೆಳಗೆ. ಗಂಟಿದ್ದದ್ದು, ಹುಳ ಮುಟ್ಟಿದ್ದು ನಡುವೆ. ಕಟ್ಟಿಗೆಗೆ ಇದು ಸರಳ. ಆದರೆ ಪ್ರತಿ ಹಲಗೆಯ ಹಿಂದೆ ಒಂದು ಮನೆತನವಿತ್ತು.

ಕುರಿಗಾರರ ಮನೆಯ ಅಜ್ಜಿಯೊಬ್ಬಳು ಒಂದೇ ಹಲಗೆ ತಂದಿದ್ದಳು, ಆದರೆ ಒಂದೂ ಗಂಟಿಲ್ಲದ ಸಾಗವಾನಿ. ಅವರು ತಟ್ಟಿ, ಕಿವಿ ಹಚ್ಚಿ, ಖುಷಿಯಿಂದ ಕೂಗಿದರು: "ಆಯಿ, ನಡುವಿನ ದೊಡ್ಡ ತೊಲಿಗೆ ನಿಂದು. ಎಲ್ಲಾರಕಿಂತ ಕೆಳಗ ಹಾಕತೇನಿ!"

ಅಜ್ಜಿ ಹಲಗೆಯ ಮೇಲಿನ ಕೈ ತೆಗೆಯಲಿಲ್ಲ. "ಇಲ್ಲೀನೂ ನಾವು ಕೆಳಗೇನೋ ತಮ್ಮಾ?"

"ಹಂಗಲ್ಲ ಆಯಿ. ಕೆಳಗಿನ ಹಲಗಿ ತಡದ್ರ ಮ್ಯಾಲಿನವೆಲ್ಲಾ ತಡೀತಾವು. ಅದು ಹರದ್ರ ಎಲ್ಲಾ ಬೀಳತಾವು."

"ಅದನ್ನ ತಿಳಕೊಳ್ಳಾಕ ಇಷ್ಟು ಅಂಟು ಬೇಕಾತೇನು ನಿನಗ?" ಎಂದು ಅಜ್ಜಿ ಹಲಗೆ ಬಿಟ್ಟು ಎದ್ದಳು. ಅವಳ ಮೊಮ್ಮಗಳ ಮದುವೆ ಆ ಭವನದಲ್ಲೇ ಎಂದು ನಿಶ್ಚಯವಾಗಿತ್ತು.

ಗೌಡರದು ಬೇರೆ. ಹಳ್ಳಿಯಲ್ಲಿ ಅವರದೇ ದೊಡ್ಡ ಮನೆ, ಈಗ ಭವನದ ಕಮಿಟಿಗೂ ಅವರೇ ಹಿರಿಯರು. ಅವರು ಕಳಿಸಿದ ಪಡಸಾಲೆಯ ತೊಲೆ ಹೊರಗೆ ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಕೊಯ್ದು ನೋಡಿದರೆ ಒಳಗೆಲ್ಲ ಗಂಟು, ಹುಳದ ತೂತು. ಇದನ್ನು ಗೌಡರಿಗೆ ಹೇಳುವವರು ಯಾರು? ತಮ್ಮ ಕಟ್ಟಿಗೆ ಎಲ್ಲಿ ಎಂದು ಅವರು ಕೇಳಿದಾಗ ನಮ್ಮ ಸಾವ್ಕಾರರು ಜೀವಮಾನದಲ್ಲಿ ಮೊದಲ ಬಾರಿ ರಾಜಕೀಯ ಮಾಡಿದರು.

"ನಡುವ ಐತ್ರಿ ಗೌಡ್ರ. ದೇವರು ಗುಡ್ಯಾಗ ಎಲ್ಲಿರತಾನ್ರಿ? ಬಾಗಲದಾಗೇನು? ಕಳಸದಾಗೇನು? ನಡುವ, ಗರ್ಭಗುಡ್ಯಾಗ!"

ಗೌಡರು ಮೀಸೆಯ ಮೇಲೆ ಕೈಯಾಡಿಸಿಕೊಂಡು ಹೋದರು. ಹೀಗೆ ಎಲ್ಲ ತೊಲೆಗಳೂ ತಯಾರಾಗಿ, ನಡುವಿನ ದೊಡ್ಡ ತೊಲೆ ಒಂದೇ ಉಳಿಯಿತು. ಅಷ್ಟರಲ್ಲಿ ಮುಧೋಳದಿಂದ ಒಬ್ಬ ಎಂಜಿನಿಯರ್ ಹುಡುಗ ಕುತೂಹಲಕ್ಕೆಂದು ನೋಡಲು ಬಂದ. ಒಳ್ಳೆಯ ಹುಡುಗ, ತಿಳಿದವನು. ಅನಾಹುತಕ್ಕೆ ಅಷ್ಟು ಸಾಕು. ಗೌಡರ ಎದುರಿಗೇ ತಯಾರಾಗಿದ್ದ ಒಂದು ತೊಲೆಯ ಹೊಟ್ಟೆ ತೋರಿಸಿ ಹೇಳಿದ: "ಸರಿ ಮಾಡೀರಿ ಸಾವ್ಕಾರ್ರ. ನಡುವ ಹುಳಕ ಕಟಗಿ ಹಾಕಿದ್ರೂ ನಡೀತೈತ್ರಿ. ಅಲ್ಲಿ ಅದಕ್ಕ ಅಂಥಾ ಕೆಲಸಾನ ಇರಾಂಗಿಲ್ಲ."

ಗೌಡರು ಸಾವ್ಕಾರರ ಕಡೆ ತಿರುಗಿ, "ಕೆಲಸ ಇಲ್ಲದ ಜಾಗಾಕ್ಕ ಗರ್ಭಗುಡಿ ಅಂದೇನಲೇ?" ಎಂದರು.

ನಾನು ಅಲ್ಲಿದ್ದೆ. ಇದ್ದೆ ಎಂದೇ ನನ್ನ ನಂಬಿಕೆ. ಇಲ್ಲದಿದ್ದರೆ ಗೌಡರ ಮುಖ ಇಷ್ಟು ಸ್ಪಷ್ಟವಾಗಿ ಕಾಣುವುದು ಹೇಗೆ? ಗೌಡರ ಷರತ್ತು ಒಂದೇ: ಉಳಿದ ದೊಡ್ಡ ತೊಲೆಗೆ ತಮ್ಮ ಹಲಗೆಯೇ ಎಲ್ಲಕ್ಕಿಂತ ಕೆಳಗೆ ಬರಬೇಕು. ಇಲ್ಲವಾದರೆ, "ನಂದು ನನಗ ಕೊಡು. ನಮ್ಮ ಕಡೆ ಮಂದೀದೂ ಬಿಚ್ಚಿ ಕೊಡು."

"ಅಂಟಿಸಿದ್ದು ಬಿಚ್ಚಾಕ ಬರಾಂಗಿಲ್ರೀ ಗೌಡ್ರ. ಅದಕ್ಕ ಅದು ಅಂಟು."

"ಹಂಗಾದ್ರ ಭವನಾ ಹೆಂಗ ಏಳತೈತಿ, ನಾನೂ ನೋಡತೇನಿ."

ಅರ್ಧ ಊರು ಗೌಡರು ಹೇಳಿದಂತೆ ಕೇಳುತ್ತಿತ್ತು; ಉಳಿದರ್ಧ ಅವರು ಹೇಳುವ ಮೊದಲೇ ಕೇಳುತ್ತಿತ್ತು. ಗೋಡೆ ಕಟ್ಟುವ ಕೆಲಸ ಮರುದಿನವೇ ನಿಂತಿತು. ಅಂದು ಸಂಜೆ ಸಾವ್ಕಾರರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಬಾಗಿಲನ್ನು ತಟ್ಟುವುದನ್ನೂ ಮರೆತು ಹೇಳಿದರು: "ಮಾಸ್ತರ್ರ, ಆ ಗಂಟಿನ ಹಲಗಿ ಕೆಳಗ ಹಾಕಿದ್ರ ಭವನಾ ಏಳತೈತಿ. ಮದಿವೀನೂ ಆಗತೈತಿ. ಮುಂದ ಎಂದರ ಒಂದಿನ ಮಂದಿ ಉಣ್ಣಾಕ ಕುಂತಾಗ ತಲಿಮ್ಯಾಲೆ ಬರತೈತಿ. ಹಾಕಲಿಲ್ಲಂದ್ರ ಯಾರೂ ಸಾಯಾಂಗಿಲ್ಲ, ಭವನಾನೂ ಇರಾಂಗಿಲ್ಲ."

"ಮತ್ತ ಏನ ಮಾಡತೀರಿ?"

"ಕರೆಂಟ ಹೋಗಲಿ, ನೋಡೂಣು," ಎಂದರು.

ಕರೆಂಟು ಹೋಯಿತು, ಅದರಲ್ಲಿ ನಮ್ಮೂರು ಯಾರನ್ನೂ ನಿರಾಸೆಗೊಳಿಸಿದ್ದಿಲ್ಲ. ಆದರೆ ಅವತ್ತು ಅವರು ಓಣಿಯ ನೇಕಾರರನ್ನು ಕೂಗಲಿಲ್ಲ. ತಮ್ಮ ಹೆಂಡತಿಯ ತವರಿನಿಂದ ಯಾರ್ಯಾರನ್ನೋ ಕರೆಸಿ, ಶೆಡ್ಡಿನ ಬಾಗಿಲು ಹಾಕಿಕೊಂಡರು. ಬಾಗಿಲು ತೆಗೆದಾಗ ತೊಲೆ ತಯಾರಾಗಿತ್ತು, ಅಷ್ಟೇ ಅಲ್ಲ, ಅದಕ್ಕೆ ಮೇಲಿಂದ ಕೆಳಗಿನ ತನಕ ದಟ್ಟ ಕಂದು ಬಣ್ಣ ಬಳಿದಿತ್ತು. ಪದರು ಎಲ್ಲಿ, ಗೆರೆ ಎಲ್ಲಿ, ಗಂಟು ಎಲ್ಲಿ, ಯಾವುದೂ ಕಾಣುತ್ತಿರಲಿಲ್ಲ.

ಇದು ಯಾಕೆ ವಿಚಿತ್ರ ಎಂದರೆ, ತೊಲೆಗೆ ಬಣ್ಣ ಬಳಿಯಬೇಡಿ ಎಂದು ಊರೆಲ್ಲ ಭಾಷಣ ಬಿಗಿದವರು ಅವರೇ. ಕಟ್ಟಿಗೆಯಲ್ಲಿ ಸೀಳು ಬಂದರೆ ಅದು ಮರ ಒಣಗುವ ರೀತಿ, ಹೆದರಬೇಡಿ. ಅಂಟಿನ ಗೆರೆಯಲ್ಲಿ ಬಾಯಿ ಬಿಟ್ಟರೆ ನನ್ನನ್ನು ಕರೆಯಿರಿ. ಬಣ್ಣ ಬಳಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ, ಆದ್ದರಿಂದ ಬರೀ ತಿಳಿ ಎಣ್ಣೆ ಸಾಕು ಎಂಬುದು ಅವರ ಶಾಸ್ತ್ರ. ಉಳಿದ ತೊಲೆಗಳೆಲ್ಲ ಹಾಗೆಯೇ ಬರಿಮೈಯಲ್ಲಿ ನಿಂತಿವೆ. ಇದೊಂದಕ್ಕೆ ಮಾತ್ರ ಬಣ್ಣ. ಗೌಡರಿಗೆ ಏನು ಹೇಳಿದರು, ಅಜ್ಜಿಗೆ ಏನು ಹೇಳಿದರು ನನಗೆ ತಿಳಿಯದು. ಗೌಡರು ಮೀಸೆ ತಿರುವುತ್ತ, "ಭವನಾ ನಿಂತಿದ್ದು ನಮ್ಮ ಹಲಗಿ ಮ್ಯಾಲೆ," ಎಂದು ಹೇಳಿಕೊಂಡು ತಿರುಗಿದರು. ಅಜ್ಜಿ ತನ್ನ ಪಾಡಿಗೆ ಮದುವೆಯ ತಯಾರಿಗೆ ಹತ್ತಿದಳು. ಗೋಡೆಯ ಕೆಲಸ ಮತ್ತೆ ಶುರುವಾಯಿತು.

ತೊಲೆ ಸಾಗಿಸುವಾಗ ಸಾವ್ಕಾರರು, ಸರಪಳಿ ಬಿಗಿಯಲು ಬಂದ ಡ್ರೈವರನ ಕೈ ಹಿಡಿದು, "ಅಂಚು ತಿಂತೈತಲೇ, ಪಟ್ಟಾ ಹಾಕು," ಎಂದು ಅಗಲವಾದ ಹಳೆಯ ಬೆಲ್ಟುಗಳನ್ನು ಕೊಟ್ಟರು. ಗೋಡೆಯಲ್ಲಿ ತೊಲೆಯ ತುದಿ ಕೂರುವಲ್ಲಿ ಸುತ್ತ ಗಾಳಿಗೆ ಜಾಗ ಬಿಡಲು ಹೇಳಿದ್ದರು; ಮರ ನೀರು ಕುಡಿಯುವುದು ತುದಿಯಿಂದ. ಗೌಂಡಿ ಬಲು ಅಚ್ಚುಕಟ್ಟಿನ ಮನುಷ್ಯ. ಇವರು ಚಹಾ ಕುಡಿಯಲು ಹೋದಾಗ, ಗುಬ್ಬಿ ಗೂಡು ಕಟ್ಟುತ್ತವೆ ಎಂದು ಆ ಸಂದುಗಳನ್ನೆಲ್ಲ ಸಿಮೆಂಟಿನಿಂದ ನೀಟಾಗಿ ಮುಚ್ಚಿಬಿಟ್ಟ. ಇವರು ಬಂದು ನೋಡಿ, ಅವನ ಉಳಿಯನ್ನೇ ಕಸಿದುಕೊಂಡು, ಬಯ್ಯುತ್ತ ಬಯ್ಯುತ್ತ ಒಂದೊಂದಾಗಿ ಕೆತ್ತಿ ತೆಗೆದರು.

ಆಮೇಲೆ ವರ್ಷವರ್ಷವೂ ದಸರೆಗೆ ಮುಂಚೆ ಅವರು ಬೀಳಗಿ ಬಸ್ಸು ಹತ್ತುತ್ತಿದ್ದರು. ಯಾಕೆಂದರೆ ಹಬ್ಬಕ್ಕೆ ಮನೆ ತೊಳೆಯುವ ನಮ್ಮ ಹೆಂಗಸರು ಭವನವನ್ನೂ ಬಿಡುವವರಲ್ಲ. ಪೈಪು ಹಿಡಿದು ತೊಲೆಯ ಮೈಗೂ ನೀರು ಹೊಡೆಯುತ್ತಿದ್ದರು. "ಎಮ್ಮಿ ಮೈ ತೊಳ್ಯಾಕತ್ತೀರೇನಬೇ? ಒಣ ಅರಿವಿಲೆ ಒರಸ್ರಿ!" ಎಂದು ಇವರು ಬಾಗಿಲಿನಿಂದಲೇ ಕೂಗುವುದು, "ಬಂದ್ರು ನೋಡ್ರೆ ತೊಲೀ ಬೀಗರು," ಎಂದು ಅವರು ನಗುವುದು ಹಬ್ಬದ ಭಾಗವೇ ಆಯಿತು. ತೊಲೆಯ ತಳಕ್ಕೆ ತೊಟ್ಟಿಲಿನ ಕೊಂಡಿ ಬಡಿಯಲು ಬಂದವರನ್ನು ಓಡಿಸಿ, ತಾವೇ ಒಂದು ಕಬ್ಬಿಣದ ತೊಟ್ಟಿಲುಗಂಬ ಮಾಡಿಸಿ ಕೊಟ್ಟರು. ಚಾವಣಿಯ ತಗಡಿನಲ್ಲಿ ತೂತು ಬಿದ್ದರೆ ಏಣಿ ಹಾಕಿ ತಾವೇ ಹತ್ತುತ್ತಿದ್ದರು. ಒಬ್ಬ ಮನುಷ್ಯ ತನ್ನ ಹೆಂಡತಿಯ ಹಲ್ಲುನೋವಿಗೆ ಇಷ್ಟು ಓಡಾಡಿದ್ದನ್ನು ನಾನು ಕಂಡಿಲ್ಲ. ಅವರಾಕೆಯೂ ಕಂಡಿರಲಿಲ್ಲ, ಹೇಳುತ್ತಿದ್ದರು.

ಇನ್ನೊಂದು ಸಂಗತಿ. ಅಲ್ಲಿಯ ಯಾವ ಮದುವೆಗೆ ಹೋದರೂ ಅವರು ಊಟಕ್ಕೆ ಕೂರುತ್ತಿದ್ದದ್ದು ಬಣ್ಣ ಬಳಿದ ಆ ದೊಡ್ಡ ತೊಲೆಯ ಕೆಳಗೆ, ಸರಿಯಾಗಿ ನಡುಮಧ್ಯ. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಎಬ್ಬಿಸಿ ಕೂರುತ್ತಿದ್ದರು. ತನ್ನ ಕೆಲಸದ ಮೇಲಿನ ಧೈರ್ಯವೋ, ಬಿದ್ದರೆ ಮೊದಲು ನನ್ನ ಮೇಲೆ ಬೀಳಲಿ ಎಂಬ ಲೆಕ್ಕವೋ? ನಾನು ಒಮ್ಮೆ ನೇರವಾಗಿ ಕೇಳಿದೆ: "ಖರೆ ಹೇಳ್ರಿ. ಕೆಳಗ ಯಾರದು ಐತಿ?"

"ನೀವು ಇಲ್ಲಿ ಉಣ್ಣಾಕ ಕೂಡತೀರಿ ಹೌದಿಲ್ಲೋ?"

"ಕೂಡತೇನಿ."

"ಮತ್ತ ಉಣ್ರಿ," ಎಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಅವರು ತೀರಿಕೊಂಡ ಮೇಲೆ ಆ ತೊಲೆಯ ತಳದ ಹತ್ತಿರ, ಬಣ್ಣದಲ್ಲಿ, ಒಂದು ಸಣ್ಣ ಗೆರೆ ಕಾಣಿಸಿದೆ. ಕೂದಲೆಳೆಯಷ್ಟು ಸಣ್ಣದು. ಕಮಿಟಿಯವರು ಅದೇ ಮುಧೋಳದ ಎಂಜಿನಿಯರನನ್ನು ಕರೆಸಿದರು. ಈಗ ಅವನ ತಲೆಯೂ ನೆರೆತಿದೆ. ಏಣಿ ಹತ್ತಿ ನೋಡಿ ಇಳಿದ. "ಬರೇ ಕಟಗಿ ಸೀಳಿದ್ರ ಚಿಂತಿ ಇಲ್ರಿ. ಅಂಟು ಬಿಟ್ಟಿದ್ರ, ಇಲ್ಲಾ ಕೆಳಗಿನ ಹಲಗಿ ಗಂಟಿನಾಗ ಒಡದಿದ್ರ ಕೆಳಗ ಆಸರ ಕೊಡಬೇಕು. ಬಣ್ಣಾ ಕೆರದು ನೋಡಿದ್ರ ಒಂದು ತಾಸಿನ ಕೆಲಸ," ಎಂದ.

ಬಣ್ಣ ಕೆರೆಯಲು ಗೌಡರ ಮಗ ಒಪ್ಪಲಿಲ್ಲ. ತೀರಿಹೋದ ಅಪ್ಪ ಇಡೀ ಆಯುಷ್ಯ ಹೇಳಿಕೊಂಡದ್ದು ಸುಳ್ಳಾದರೆ ಏನು ಮಾಡುವುದು? ನಿಜವಾದರೆ ಇನ್ನೂ ಕಷ್ಟ. ಸೀಳಿದ್ದು ಅವರದೇ ಹಲಗೆ ಎಂದಾಗುತ್ತದೆ. ಆ ಭವನದಲ್ಲಿ ಮದುವೆಯಾದ ಅಜ್ಜಿಯ ಮೊಮ್ಮಗಳು ಈಗ ಕಮಿಟಿಯ ಸದಸ್ಯೆ. ಅವಳೂ ಬೇಡವೆಂದಳು. "ನಮ್ಮಾಯಿ ಕೇಳಲಿಲ್ಲ, ನಾ ಯಾಕ ಕೇಳಲಿ? ಆಸರದ ಕಂಬ ಕೊಡ್ರಿ, ಸಾಕು." ಕಂಬ ಕೊಟ್ಟರೆ ತೊಲೆ ಸೋತಿತೆಂದು ಊರೆಲ್ಲ ಒಪ್ಪಿಕೊಂಡಂತಾಗುತ್ತದೆ ಎಂದು ಗೌಡರ ಮಗ ಅದಕ್ಕೂ ಬೇಡವೆಂದ. ಎಂಜಿನಿಯರ್ ಚಹಾ ಕುಡಿದು, ಗೆರೆಯ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಮುಂದೆ ಬೆಳೆದರೆ ಫೋನ್ ಮಾಡಿ ಎಂದು ಹೇಳಿ ಹೋದ. ಅಲ್ಲಿಯ ತನಕ ಆ ಜಾಗದ ಕೆಳಗೆ ಯಾರೂ ಕೂರಬಾರದೆಂದು ಅವನೇ ಕುರ್ಚಿಗಳನ್ನು ಸರಿಸಿ ಹೋದ. ಮರುವಾರದ ಮದುವೆಯಲ್ಲಿ ಕುರ್ಚಿಗಳು ವಾಪಸು ಬಂದಿದ್ದವು.

ಆ ಮದುವೆಗೆ ನಾನೂ ಹೋಗಿದ್ದೆ. ಗುರುತು ದಾಟಿ ಗೆರೆ ಮುಂದೆ ಹೋಗಿದೆಯೇ ಎಂದು ಕೆಳಗಿನಿಂದ ನೋಡಿದೆ. ನನ್ನ ಕಣ್ಣಿಗೆ ಅಷ್ಟು ದೂರ ಕಾಣುವುದಿಲ್ಲ. ಆ ಮುಚ್ಚಿದ ಶೆಡ್ಡಿನಲ್ಲಿ ಅವರು ಗೌಡರಿಗೆ ಮಣಿದರೋ, ಗೌಡರಿಗೆ ಮೋಸ ಮಾಡಿದರೋ ನನಗೆ ಗೊತ್ತಿಲ್ಲ. ಕೆಳಗಿನ ಹಲಗೆ ಯಾರದೆಂದೂ ಗೊತ್ತಿಲ್ಲ.